ಮಗಳಿಗೊಂದು ಪತ್ರ: ಮೂರು ತಿಂಗಳ ಬಿಡುವು

ಚಿ. ಪುಟ್ಟಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನಿಮ್ಮ ಈಜು ತಂಡದ ಹುಡುಗನಿಗೆ ಮೂರು ತಿಂಗಳು ನೀರಿಗಿಳಿಯಬೇಡವೆಂದು ನಾನು ಹೇಳಿದ್ದಕ್ಕೆ ನೀನು ಮುನಿಸಿಕೊಂಡಿರುವೆಯೆಂದು ನಿನ್ನ ಅಪ್ಪ ತಿಳಿಸಿದರು. ರೋಗಿಗಳ ವಿಷಯವನ್ನು ನಾನು ಮನೆಗೆ ತರುವವಳಲ್ಲ. ಅವನೇ ನಿನಗೆ ವರದಿ ತೋರಿಸಿ, ವಿವರಿಸಲು ನನಗೆ ಒಪ್ಪಿಗೆಯನ್ನೂ ಕೊಟ್ಟಿರುವುದರಿಂದ ಬರೆಯುತ್ತಿದ್ದೇನೆ.

ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಅವನ ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ, ಗೋಡೆ 14 ಮಿಲಿಮೀಟರ್ ದಪ್ಪವಿತ್ತು. ಸಾಮಾನ್ಯವಾಗಿ ಅದು 12ನ್ನು ಮೀರುವುದಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿದವರ ಹೃದಯ ಹಿಗ್ಗುವುದು ಹೊಸ ಸಂಗತಿಯೇನಲ್ಲ. 1899ರಷ್ಟು ಹಿಂದೆಯೇ ಸ್ವೀಡನ್ನಿನ ವೈದ್ಯ ಹೆನ್ಶೆನ್ ಅವರು ಸ್ಕೀ ಸ್ಪರ್ಧಿಗಳ ಎದೆಯನ್ನು ಬೆರಳಿನಿಂದ ತಟ್ಟಿ, ಆ ಸದ್ದಿನಿಂದಲೇ ಹೃದಯ ದೊಡ್ಡದಾಗಿರುವುದನ್ನು ಗುರುತಿಸಿದ್ದರು. ಆದರೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ ಎಂಬ, ಮನೆತನದಲ್ಲಿ ಹರಿದುಬರುವ ರೋಗದಲ್ಲಿಯೂ ಇದೇ ಗೋಡೆ ದಪ್ಪಗಾಗುತ್ತದೆ. ಅಂಥ ಹೃದಯ ಆಟದ ಭರದಲ್ಲಿ ಲಯ ತಪ್ಪಿ ಹಠಾತ್ತಾಗಿ ನಿಂತುಬಿಡಬಹುದು. 13ರಿಂದ 15 ಮಿಲಿಮೀಟರ್‌ವರೆಗಿನ ದಪ್ಪ ಎರಡಕ್ಕೂ ಒಪ್ಪುವಂಥದ್ದು.

ತರಬೇತಿಯಿಂದ ಬೆಳೆದ ಹೃದಯದಲ್ಲಿ ಗೋಡೆಯ ಜೊತೆಗೆ ಒಳಗಿನ ಕುಹರವೂ ಅಗಲವಾಗುತ್ತದೆ. ರೋಗದಲ್ಲಿ ಅದು ಬಹುಮಟ್ಟಿಗೆ ಇಕ್ಕಟ್ಟಾಗಿಯೇ ಉಳಿಯುತ್ತದೆ. ಅವನದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಎಂಆರ್‌ಐಯಲ್ಲಿ ಹೃದಯದ ಸ್ನಾಯುವಿನ ಮೇಲೆ ಗಾಯದ ಕಲೆ ಕಾಣಲಿಲ್ಲವೆಂಬುದು ಸಮಾಧಾನದ ಸಂಗತಿಯಾದರೂ, ಅವನ ಚಿಕ್ಕಪ್ಪ ಮೂವತ್ತೆರಡನೆಯ ವಯಸ್ಸಿನಲ್ಲಿ ಕುಸಿದುಬಿದ್ದು ತೀರಿಕೊಂಡರೆಂದು ಅವನ ತಾಯಿ ಹೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಹಾರ್ಟ್ ಅಟ್ಯಾಕ್ ಎಂದು ಎಲ್ಲರೂ ನಂಬಿದರು, ಶವಪರೀಕ್ಷೆ ನಡೆಯಲಿಲ್ಲ. ನಮ್ಮಲ್ಲಿ ಇಂಥ ಎಷ್ಟೋ ಸಾವುಗಳ ಕಾರಣ ಚಿತೆಯೊಂದಿಗೇ ಬೂದಿಯಾಗುತ್ತದೆ.

ಆದ್ದರಿಂದ ಈ ಬಿಡುವನ್ನು ನೀನು ಶಿಕ್ಷೆಯೆಂದು ತಿಳಿಯಬೇಡ, ಅದೂ ಒಂದು ಪರೀಕ್ಷೆಯೇ. ಅಭ್ಯಾಸ ನಿಲ್ಲಿಸಿದರೆ ತರಬೇತಿಯಿಂದ ಬಂದ ದಪ್ಪ ಇಳಿಯುತ್ತದೆ, ರೋಗದಿಂದ ಬಂದದ್ದು ಹಾಗೆಯೇ ಇರುತ್ತದೆ. ರಾಜ್ಯಮಟ್ಟದ ಆಯ್ಕೆ ಅವನ ಕೈತಪ್ಪುತ್ತದೆಂಬುದು ನನಗೆ ಗೊತ್ತು. ಹತ್ತೊಂಬತ್ತರ ಹುಡುಗನಿಗೆ ಅದು ಸಣ್ಣ ನಷ್ಟವೆಂದು ನಾನು ಹೇಳಲಾರೆ, ಹೇಳಿಯೂ ಇಲ್ಲ.

ಎಲ್ಲ ಆಟಗಾರರನ್ನೂ ಮೊದಲೇ ಪರೀಕ್ಷಿಸಬಾರದೇಕೆಂದು ನೀನು ಕೇಳಿದ್ದೆಯಂತೆ. ಇಟಲಿ 1982ರಿಂದ ಅದನ್ನೇ ಮಾಡುತ್ತಿದೆ. ಅಲ್ಲಿನ ವೆನೆತೊ ಪ್ರಾಂತದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಹೃದಯಮರಣ ವರ್ಷಕ್ಕೆ ಲಕ್ಷಕ್ಕೆ 3.6ರಿಂದ, ಎರಡೂವರೆ ದಶಕದಲ್ಲಿ 0.4ಕ್ಕೆ ಇಳಿಯಿತು. ಇಳಿಕೆಗೆ ಆ ಪರೀಕ್ಷೆಯ ಭಾಗವಾದ ಇಸಿಜಿಯೊಂದೇ ಕಾರಣವೇ ಎಂಬ ವಾದ ಇನ್ನೂ ಮುಗಿದಿಲ್ಲ. ಅಂಥ ಇಟಲಿಯ ಕ್ಲಬ್ಬಿನಲ್ಲೇ ಆಡುತ್ತಿದ್ದ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಕುಸಿದರು. ತಡಮಾಡದೆ ಎದೆ ಒತ್ತಿದ ಕೈಗಳೂ, ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರವೂ ಅವರನ್ನು ಉಳಿಸಿದವು. ಎದೆಯೊಳಗೆ ಐಸಿಡಿ ಎಂಬ ಪುಟ್ಟ ಡಿಫಿಬ್ರಿಲೇಟರ್ ಹಾಕಿಸಿಕೊಂಡವರಿಗೆ ಇಟಲಿಯ ನಿಯಮ ಅವಕಾಶ ಕೊಡದಿದ್ದುದರಿಂದ ಮರುವರ್ಷ ಅವರು ಇಂಗ್ಲೆಂಡಿನಲ್ಲಿ ಆಡಿದರು. ಇಟಲಿಯದು ಸರಿಯೋ ಇಂಗ್ಲೆಂಡಿನದು ಸರಿಯೋ ಎಂದು ಕೇಳಿದರೆ, ಎಲ್ಲವನ್ನೂ ತಿಳಿಸಿ ಹೇಳಿ ಆಟಗಾರನೊಂದಿಗೆ ಕುಳಿತು ನಿರ್ಧರಿಸಬೇಕೆಂಬ ಪಕ್ಷ ನನ್ನದು. ಆದರೆ ತಿಳಿಸಿ ಹೇಳಲು ಮೊದಲು ನನಗೆ ತಿಳಿದಿರಬೇಕಲ್ಲ.

ಮೂರು ತಿಂಗಳಾದ ಮೇಲೆ ಅದೇ ಯಂತ್ರದಲ್ಲಿ, ಅದೇ ಜಾಗದಲ್ಲಿ ನಾನೇ ಅಳೆಯುತ್ತೇನೆಂದು ಅವನಿಗೆ ಹೇಳು. ನಿಮ್ಮ ಈಜುಕೊಳದಲ್ಲಿ ಡಿಫಿಬ್ರಿಲೇಟರ್ ಎಲ್ಲಿದೆಯೆಂದು ನಾಳೆ ಕೋಚ್ ಅವರನ್ನು ಕೇಳಿ ನನಗೆ ತಿಳಿಸು. ಒದ್ದೆ ಎದೆಯ ಮೇಲೆ ಅದರ ಪಟ್ಟಿಗಳು ಸರಿಯಾಗಿ ಅಂಟುವುದಿಲ್ಲ, ಪಕ್ಕದಲ್ಲೊಂದು ಒಣ ಟವೆಲೂ ಇರಬೇಕು.

ನಿನ್ನ ಅಮ್ಮ