ನಿನ್ನ ಹೀರೋಗೆ ಅಷ್ಟು ಅರ್ಜೆಂಟಾಗಿ ಜ್ಞಾನಸ್ನಾನ ಎಂತಕ್ಕೆ?

ಪ್ರೀತಿಯ ಬಾಯ್,

ನೀನು ಬರೆದು ವಾಟ್ಸಾಪಲ್ಲಿ ಕಳ್ಸಿದ ಪ್ರೇಮ ಕಾದಂಬರಿ ಪೂರ್ತಿ ಓದ್ದೆ, ಎರಡು ರಾತ್ರಿ ಹಿಡೀತು, ಕನ್ನಡಕ ಹಾಕಿದ್ರೂ ಆ ಮೊಬೈಲಿನ ಅಕ್ಷರ ಇರುವೆ ಸಾಲು ಹರಿದ ಹಾಗೆ ಕಾಣ್ತದೆ. ಚೆನ್ನಾಗಿದೆ ಅಂತ ಮೊದ್ಲೇ ಹೇಳ್ಬಿಡ್ತೇನೆ, ಯಾಕಂದ್ರೆ ಮುಂದೆ ಬೈಯೋದಿದೆ. ಕಾರವಾರದ ಬೈತಕೋಲ ಬಂದರಲ್ಲಿ ಹುಡುಗಿ ಅಮ್ಮ ಬಂಗಡೆ ಬುಟ್ಟಿಗೆ ಐಸ್ ಸುರಿಯೋದು, ಸಂಜೆ ಮರಗಟ್ಟಿದ ಬೆರಳಲ್ಲೇ ತೇರ್ಸಿಗೆ, ಅಂದ್ರೆ ಜಪಮಾಲೆ ಪ್ರಾರ್ಥನೆಗೆ, ಕೂತು ಮಣಿ ಎಣಿಸೋದು, ಅದನ್ನ ನೀನು ಕಣ್ಣಾರೆ ನೋಡಿಯೇ ಬರ್ದಿದ್ದೀಯ. ನನ್ನ ತಕರಾರು ಹನ್ನೊಂದನೇ ಅಧ್ಯಾಯದ್ದು.

ಅಲ್ಲ ಮಾರಾಯ್ತಿ, ಹತ್ತು ಅಧ್ಯಾಯ ಟ್ಯಾಗೋರ್ ಬೀಚಲ್ಲಿ ಕೂತು ದೇವರೂ ಇಲ್ಲ ಎಂತದೂ ಇಲ್ಲ ಅಂತ ವಾದ ಮಾಡಿದ ಹುಡುಗ, ಅವಳ ಅಪ್ಪ ಒಪ್ಪಲ್ಲ ಅಂದ ಕೂಡ್ಲೆ ಮಳೇಲಿ ನೆನೆದು ಚರ್ಚಿಗೆ ಹೋಗಿ ಅಳ್ತಾನೆ, ಮರುದಿನ ಕ್ರಿಸ್ತರವನಾಗೋಕೆ ಜ್ಞಾನಸ್ನಾನ, ಅದರ ಮುಂದಿನ ಪೇಜಲ್ಲಿ ಮದುವೆ ಮುಂಚಿನ ರೋಸ್ ಶಾಸ್ತ್ರ! ದೇವರನ್ನ ಮದುವೆ ದಲ್ಲಾಳಿ ಮಾಡಿಬಿಟ್ಟೆಯಲ್ಲ. ಇದೇ ಕಾರವಾರದಲ್ಲಿ 1883ರಲ್ಲಿ, ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಬಂದಿದ್ದ 22 ವರ್ಷದ ಟ್ಯಾಗೋರ್ ಒಂದು ನಾಟಕ ಬರೆದ್ರು, ಮಮತೆಯ ಬೇರೆಲ್ಲ ಕಿತ್ತೆಸೆದ್ರೆ ಅನಂತ ಸಿಗ್ತದೆ ಅಂದ್ಕೊಂಡಿದ್ದ ಸನ್ಯಾಸಿನ ಒಂದು ಸಣ್ಣ ಹುಡುಗಿ ವಾಪಸ್ ಲೋಕಕ್ಕೆ ಎಳ್ಕೊಂಡು ಬರೋ ಕಥೆ. ಅವರಿಗೆ ಒಬ್ಬ ಮನುಷ್ಯನ ಮನಸ್ಸು ತಿರುಗಿಸೋಕೆ ಇಡೀ ನಾಟಕ ಬೇಕಾಯ್ತು, ನಿಂಗೆ ಒಂದು ಮಳೆ ಸಾಕಾಯ್ತು.

ಮತ್ತೆ ಅದು ಹಾಗೆ ನಡಿಯೋದೂ ಇಲ್ಲ. ದೊಡ್ಡವರು ಕಥೋಲಿಕ್ ಆಗ್ಬೇಕಂದ್ರೆ ತಿಂಗಳುಗಟ್ಟಲೆ ತಯಾರಿ ಇರ್ತದೆ, ಹೆಚ್ಚಾಗಿ ಈಸ್ಟರ್ ಹಿಂದಿನ ರಾತ್ರಿ ಜಾಗರಣೆಲೇ ಸ್ನಾನ. ಮದುವೆಗೆ ಅವ್ನು ಮತ ಬದ್ಲಿಸ್ಲೇಬೇಕು ಅಂತಲೂ ಇಲ್ಲ, ಬಿಷಪರ ಅನುಮತಿ ತಗೊಂಡು ಚರ್ಚಲ್ಲೇ ಆಗಬಹುದು, ಹುಡುಗಿ ಮಾತ್ರ ನನ್ನ ನಂಬಿಕೆ ಬಿಡಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡ್ಸೋಕೆ ಕೈಲಾದಷ್ಟು ಮಾಡ್ತೇನೆ ಅಂತ ಮಾತು ಕೊಡ್ಬೇಕು, ಹಾಗೆ ಮಾತು ಕೊಟ್ಟದ್ದು ಹುಡುಗನಿಗೂ ಗೊತ್ತಿರ್ಬೇಕು. ಸ್ಪೆಷಲ್ ಮ್ಯಾರೇಜ್ ಆಕ್ಟಲ್ಲಿ ಅಂದ್ರೆ 30 ದಿನದ ನೋಟಿಸ್ ಉಂಟು, ಊರವರೆಲ್ಲ ಓದ್ತಾರೆ. ಅವಳು ಆ ಮಾತು ಕೊಡುವಾಗ ಪಕ್ಕದಲ್ಲಿ ಕೂತ ಅವ್ನ ಮುಖ ಹೇಗಿತ್ತು, ಮನೆಗೆ ಹೋದ್ಮೇಲೆ ತುಳಸಿಕಟ್ಟೆ ಎದುರು ನಿಂತ ಅವ್ನ ಅಮ್ಮ ಏನು ಕೇಳಿದ್ಲು, ಅದನ್ನ ಬರಿ. ನೀನು ಅದನ್ನೆಲ್ಲ ಹಾರಿಸ್ಕೊಂಡು ಓಡಿದ್ದೀಯ.

ಬೈಬಲಿನ ರೂತಳ ಪುಸ್ತಕ ಮತ್ತೆ ಓದು, ನಾಲ್ಕೇ ಅಧ್ಯಾಯ. "ನಿನ್ನ ಜನರೇ ನನ್ನ ಜನ, ನಿನ್ನ ದೇವರೇ ನನ್ನ ದೇವರು" ಅನ್ನೋದನ್ನ ಎಲ್ಲರೂ ಮದುವೆ ಕಾರ್ಡಲ್ಲಿ ಹಾಕಿಸ್ತಾರಲ್ಲ, ಅವಳು ಹೇಳಿದ್ದು ಗಂಡನಿಗಲ್ಲ, ಅತ್ತೆಗೆ, ಅದೂ ಗಂಡ ಸತ್ತ ಮೇಲೆ, ಎದುರಿಗೆ ಯಾವ ಹೀರೋನೂ ಇಲ್ದೇ ಇರುವಾಗ. ಅದಕ್ಕೇ ಆ ಮಾತಿಗೆ ತೂಕ. ಮುಂದೆ ಅವಳ ಕೈ ಹಿಡಿಯೋ ಹೊಲದ ಯಜಮಾನ ಬೋವಜ ಏನು ಪ್ರಸಂಗ ಕೊಟ್ನಾ? ಕೊಯ್ಲಲ್ಲಿ ಉದುರಿದ ತೆನೆ ಆಯೋಕೆ ಬಂದ ಪರದೇಶಿ ಹೆಂಗಸಿಗೆ ನಾಚಿಕೆ ಆಗದ ಹಾಗೆ, ಸಿವುಡಿಂದ ಒಂದಿಷ್ಟು ತೆನೆ ಬೇಕಂತ್ಲೇ ಬೀಳಿಸಿ ಹೋಗಿ ಅಂತ ಆಳುಗಳಿಗೆ ಹೇಳ್ತಾನೆ. ಇಡೀ ಕಥೇಲಿ ದೇವರು ಒಂದು ಸಲವೂ ಬಾಯಿಬಿಟ್ಟು ಮಾತಾಡಲ್ಲ. ನಿನ್ನ ಕಥೇಲಿ ಮೂರು ಸಲ ಮಾತಾಡಿದಾನೆ, ಅದೂ ಬ್ರಹ್ಮಾವರದ ಆಂಟಿ ಥರ ಉದ್ದ ಉದ್ದ.

ನೀನು ಇಂಗ್ಲಿಷಲ್ಲಿ ಓದೋ, ಪ್ರೀತಿಯೂ ದೇವರೂ ಸೇರಿದ ಅಂಥ ಕಾದಂಬರಿಗಳನ್ನ ನಾನೂ ಕೆಲವು ಓದಿದೇನೆ, ತಾತ್ಸಾರ ಇಲ್ಲ. ಜ್ಯಾನೆಟ್ ಓಕ್ 1979ರಲ್ಲಿ ಬರೆದದ್ರಲ್ಲಿ, ಗಂಡ ಸತ್ತ ಬೆನ್ನಿಗೇ ಬೇರೆ ದಾರಿ ಕಾಣದೆ ಇನ್ನೊಬ್ಬನ ಕೈ ಹಿಡಿಯೋ ಹುಡುಗಿಗೆ ಪ್ರೀತಿಯೂ ನಂಬಿಕೆಯೂ ಅಡುಗೆಮನೆ ಕೆಲಸದ ನಡುವೆ ನಿಧಾನ ಬರ್ತದೆ, ಅದು ನಂಗಿಷ್ಟ. ಫ್ರಾನ್ಸಿನ್ ರಿವರ್ಸ್ 1991ರಲ್ಲಿ ಬಿಟ್ಟುಹೋದ ಹೆಂಡತಿನ ಮತ್ತೆ ಕರ್ಕೊಂಡು ಬಂದ ಪ್ರವಾದಿ ಹೋಶೇಯನ ಬೈಬಲ್ ಕಥೆನ ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಕಾಲಕ್ಕೆ ಒಯ್ದದ್ದು ಇದೆಯಲ್ಲ, ಅದ್ರಲ್ಲಿ ಹುಡುಗಿ ಮತ್ತೆ ಮತ್ತೆ ಬಿಟ್ಟು ಓಡೋದು ನಂಬೋ ಹಾಗಿದೆ, ಆದ್ರೆ ಗಂಡನಲ್ಲಿ ಒಂದು ತಪ್ಪೂ ಕಾಣ್ದೇ ಇರೋದು ನಂಗೆ ಗಂಟಲಲ್ಲಿ ಇಳೀಲಿಲ್ಲ. ಅಂಥ ಗಂಡಸ್ರನ್ನ ನಾನಂತೂ ಕಂಡಿಲ್ಲ.

ಮುತ್ತಿನ ಸೀನ್ ಇಡ್ಲಾ ಅಂತ ಕೇಳಿದ್ದೀಯ. ಪರಮಗೀತ ಅನ್ನೋ ಪ್ರೇಮಗೀತೆಯೇ ಬೈಬಲ್ ಒಳಗೇ ಉಂಟು, ಇಡು.

ನಿನ್ನ ಅಂಕಲ್ ವಿಷಯ ಗೊತ್ತಲ್ಲ, ಹುಟ್ಟಾ ಕ್ರಿಸ್ತರವ್ರೇ, ಆದ್ರೆ ಮೀಸ್ (ಪೂಜೆ) ಮುಗಿಯೋ ತನಕ ಚರ್ಚ್ ಹೊರಗೇ ನಿಲ್ಲೋ ಮನುಷ್ಯ. ನಾನೂ ನಿನ್ನ ಹೀರೋಯಿನ್ ಥರವೇ ವರ್ಷಗಟ್ಟಲೆ ಇವರ ಮನಸ್ಸು ತಿರುಗಿಸಪ್ಪಾ ಅಂತ ಬೇಡ್ಕೊಂಡೆ. ನನ್ನಮ್ಮ ಹಾಸಿಗೆ ಹಿಡಿದಾಗ ಇವ್ರು ದಿನಾ ಡ್ಯೂಟಿ ಮುಗಿಸಿ ಬಂದು ಅವಳ ಕಾಲು ಬಿಸಿನೀರಲ್ಲಿ ನೆನೆಸಿ ಉಗುರು ತೆಗೀತಿದ್ರು. ಒಂದಿನ ಅಮ್ಮನ ತೇರ್ಸು ಹರೀತು, ಮಣಿ ಮಂಚದಡಿ ಎಲ್ಲ ಉರುಳಿ ಹೋಯ್ತು. ಇವ್ರು ಬಗ್ಗಿ ಹುಡುಕಿ, ಗಾಳದ ನೈಲಾನ್ ದಾರ ತಗೊಂಡು, ಎಷ್ಟು ಬೇಕು ಅಂತ ನನ್ನ ಹತ್ರ ಕೇಳಿ, 59 ಅಂದೆ, ಒಂದೊಂದಾಗಿ ಪೋಣಿಸಿದ್ರು. ರಾತ್ರಿ ಅಮ್ಮ ಜಪ ಮಾಡ್ತಾ ಹತ್ತತ್ತು ಮಣಿಯ ಮೂರನೇ ಸಾಲಲ್ಲಿ ಒಂಬತ್ತೇ ಮಣಿ ಇದೆ ಅಂತ ಗೊಣಗಿದ್ಲು. ಇವ್ರು ಬಾಗಿಲಲ್ಲೇ ನಿಂತು "ಅದೊಂದು ನನ್ನ ಲೆಕ್ಕಕ್ಕೆ ಬರ್ಕೊಳ್ಳಿ" ಅಂದ್ರು. ಆ ಒಂದು ಜಪ ಹೇಳಿದ್ರೋ ಇಲ್ವೋ ನಾನು ಇವತ್ತಿನವರೆಗೂ ಕೇಳಿಲ್ಲ. ಈಗ್ಲೂ ಭಾನುವಾರ ಹೊರಗೇ ನಿಲ್ತಾರೆ.

ಹನ್ನೊಂದನೇದು ಹರಿದು ಹಾಕಿ ಮತ್ತೆ ಬರಿ, ಹುಡುಗನ್ನ ಸ್ವಲ್ಪ ದಿನ ಬಾಗಿಲಲ್ಲೇ ನಿಲ್ಸಿಡು. ರಜೆಗೆ ಬರುವಾಗ ದಯವಿಟ್ಟು ಪ್ರಿಂಟ್ ತಗೊಂಡು ಬಾ.

ನಿನ್ನ,
ಮಾವ್ಶಿ