ಒಥೆಲೋ ಓದುತ್ತಿರುವ ಮಗಳಿಗೆ

ಬಳ್ಳಾರಿ

ಪ್ರೀತಿಯ ಮಗಳೇ,

"ಒಥೆಲೋ ಕಥೆ ಗೊತ್ತಾಯ್ತು ಅಪ್ಪಾ, ಆದರೆ ದೃಶ್ಯದ ಭಾವ ಬರೀರಿ, ಪಾತ್ರದ ಗುಣ ಬರೀರಿ ಅಂದ್ರೆ ಏನು ಬರೆಯೋದು?" ಅಂತ ಶೇಕ್ಸ್‌ಪಿಯರ್‌ನ ಈ ನಾಟಕದ ಬಗ್ಗೆ ಕೇಳಿದೆಯಲ್ಲ. ಫೋನಿನಲ್ಲಿ ಹೇಳಲು ಹೋದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೇನಾಪತಿಯ ಮನಸ್ಸಿನಲ್ಲಿ ಹೆಂಡತಿಯ ಮೇಲೆ ಸಂಶಯ ತುಂಬುವ ಇಯಾಗೋ ದುಷ್ಟ, ಆ ಹೆಂಡತಿ ಡೆಸ್ಡೆಮೋನಾ ಮುಗ್ಧೆ, ಸೇನಾಪತಿ ಒಥೆಲೋ ಅನುಮಾನದ ಮನುಷ್ಯ ಅಂತ ಗೈಡಿನಲ್ಲಿ ಇರುತ್ತದೆ. ಅದನ್ನು ಪಕ್ಕಕ್ಕಿಡು. ಇಲ್ಲಿ ನಿಂತವರಲ್ಲಿ ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ಪ್ರತಿ ದೃಶ್ಯದಲ್ಲೂ ಕೇಳಿಕೋ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುವಾಗ ಶಕುನಿ ದುರ್ಯೋಧನನ ಕಿವಿ ಹತ್ತಿರ ಬಗ್ಗಿದರೆ ಸಾಕು, ಗದ್ದಲ ಮಾಡುತ್ತಿದ್ದ ಜನ ಸುಮ್ಮನಾಗುತ್ತಾರೆ. ಅವನು ಇನ್ನೂ ಬಾಯಿ ತೆರೆದಿರುವುದಿಲ್ಲ, ಆಗಲೇ ಭಯ ಹುಟ್ಟಿರುತ್ತದೆ. ಇಯಾಗೋ ಎಂಥವನು ಅಂತ ನಮಗೆ ಮೊದಲ ದೃಶ್ಯದಲ್ಲೇ ತಿಳಿದುಬಿಡುತ್ತದೆ. ಆಮೇಲೆ ಒಬ್ಬೊಬ್ಬರೂ ಅವನನ್ನು ಪ್ರಾಮಾಣಿಕ ಅಂದಾಗ ನಮಗೆ ಸಂಕಟವಾಗುವುದು ಅದಕ್ಕೇ.

ಒಥೆಲೋನ ಮಾತಿನ ಧಾಟಿ ಗಮನಿಸು. ವೆನಿಸ್‌ನಲ್ಲಿ ರಾತ್ರಿ ಜನ ಕತ್ತಿ ಹಿಡಿದು ಬಂದಾಗ, ಕತ್ತಿ ಒಳಗಿಡಿ, ಇಬ್ಬನಿಗೆ ತುಕ್ಕು ಹಿಡಿದೀತು ಅನ್ನುತ್ತಾನೆ. ಎಷ್ಟು ನಿಧಾನ! ಅದೇ ಮನುಷ್ಯ ನಾಲ್ಕನೇ ಅಂಕದಲ್ಲಿ ಎಲ್ಲರೆದುರು ಹೆಂಡತಿಗೆ ಹೊಡೆಯುತ್ತಾನೆ. ಆಡು, ಕೋತಿ ಅಂತ ಕಿರುಚಿ ಹೊರಟುಹೋಗುತ್ತಾನೆ. ಹೀಗೆ ಪ್ರಾಣಿಗಳ ಹೆಸರು ಎಳೆದು ಮಾತಾಡುತ್ತಿದ್ದವನು ಇಯಾಗೋ ಅಲ್ವಾ? ಈಗ ಅದು ಒಥೆಲೋನ ಬಾಯಿಗೆ ಬಂದಿದೆ. ನಮ್ಮ ಬಳ್ಳಾರಿ ರಾಘವರು ವಕೀಲಿಕೆ ಮಾಡುತ್ತಲೇ ಈ ಪಾತ್ರ ಆಡಿದವರು. ಅವರ ಹೆಸರಿನ ಕಲಾಮಂದಿರದ ಮುಂದೆ ಹೋಗುವಾಗ, ಆ ಮೊದಲಿನ ದನಿಯಿಂದ ಈ ದನಿಗೆ ಅವರು ಹೇಗೆ ಇಳಿದಿರಬಹುದು ಅಂತ ಯೋಚನೆ ಬರುತ್ತದೆ.

ಇನ್ನು ಕರವಸ್ತ್ರ, ಒಥೆಲೋ ಹೆಂಡತಿಗೆ ಕೊಟ್ಟ ಮೊದಲ ಉಡುಗೊರೆ. ತಲೆನೋವು ಅಂದ ಗಂಡನ ಹಣೆಗೆ ಡೆಸ್ಡೆಮೋನಾ ಅದನ್ನು ಕಟ್ಟಲು ಹೋಗುತ್ತಾಳೆ. ಚಿಕ್ಕದಾಯ್ತು ಅಂತ ಅವನು ಬೇಡವೆನ್ನುತ್ತಾನೆ, ಅದು ಕೆಳಗೆ ಬೀಳುತ್ತದೆ, ಬಿಡು ಅಂತ ಇಬ್ಬರೂ ಒಳಗೆ ಹೋಗುತ್ತಾರೆ. ಮುಂದೆ ಎಲ್ಲಿ ಆ ಕರವಸ್ತ್ರ ಅಂತ ಅವಳನ್ನು ಗದರಿಸುವವನೂ ಇವನೇ.

ಅದನ್ನು ಎತ್ತಿಕೊಂಡವಳು ಎಮಿಲಿಯಾ, ಇಯಾಗೋನ ಹೆಂಡತಿ, ಡೆಸ್ಡೆಮೋನಾಳ ಸಖಿ. ನನಗೆ ಇಡೀ ನಾಟಕದಲ್ಲಿ ತುಂಬಾ ಕಾಡುವವಳು ಅವಳೇ. ಗಂಡ ಕೇಳಿದ್ದ ಅಂತ ಕೊಟ್ಟುಬಿಡುತ್ತಾಳೆ. ಅದನ್ನೇ ಇಯಾಗೋ ಡೆಸ್ಡೆಮೋನಾ ತಪ್ಪು ಮಾಡಿದಳು ಅನ್ನಲು ಸಾಕ್ಷಿ ಮಾಡಿಕೊಳ್ಳುತ್ತಾನೆ. ಎಲ್ಲಿ ಬಿತ್ತೋ ಅಂತ ಡೆಸ್ಡೆಮೋನಾ ಹುಡುಕುವಾಗ ನನಗೆ ಗೊತ್ತಿಲ್ಲ ಅನ್ನುತ್ತಾಳೆ. ಕೆಟ್ಟವಳಲ್ಲ, ಆದರೂ ಸುಳ್ಳು ಹೇಳಿದಳು. ಈ ಸುಳ್ಳನ್ನು ನೆನಪಿಟ್ಟುಕೊಂಡು ನಾಲ್ಕನೇ ಅಂಕದ ಕೊನೆಯ ದೃಶ್ಯ ಓದು.

ಅಲ್ಲಿ ಇಬ್ಬರೇ ಹೆಂಗಸರು. ಮಲಗುವ ಹೊತ್ತು. ಎಮಿಲಿಯಾ ಬಟ್ಟೆಯ ಪಿನ್ನು ಬಿಚ್ಚುತ್ತಿದ್ದಾಳೆ. ಮಂಚಕ್ಕೆ ಮದುವೆಯ ಹಾಸಿಗೆ ಬಟ್ಟೆ ಹಾಸಿದ್ದಾಗಿದೆ. ಅಮ್ಮನ ಮನೆಯ ಕೆಲಸದ ಹುಡುಗಿ ಬಾರ್ಬರಾ ಪ್ರೀತಿಸಿದವನು ಅವಳನ್ನು ಕೈಬಿಟ್ಟದ್ದನ್ನು, ಅವಳು ವಿಲ್ಲೋ ಮರದ ಹಾಡು ಹಾಡುತ್ತಲೇ ಸತ್ತದ್ದನ್ನು ಡೆಸ್ಡೆಮೋನಾ ನೆನೆಯುತ್ತಾಳೆ. ತಾನೂ ಅದನ್ನೇ ಹಾಡುತ್ತಾಳೆ. ನಡುವೆ ನಿಲ್ಲಿಸಿ, ಯಾರೋ ಬಾಗಿಲು ಬಡಿದ ಹಾಗಾಯ್ತಲ್ಲ ಅನ್ನುತ್ತಾಳೆ. ಗಾಳಿ ಅಷ್ಟೇ ಅನ್ನುತ್ತಾಳೆ ಎಮಿಲಿಯಾ. ಯಾರೂ ಅಳುವುದಿಲ್ಲ, ಸಾವಿನ ಬಗ್ಗೆ ದೊಡ್ಡ ಮಾತಿಲ್ಲ. ಎಲ್ಲವೂ ಮನೆಯ ಮಾತು. ಸತ್ಯ ಬಾಯಿಯವರೆಗೂ ಬರಬಹುದಾದ ರಾತ್ರಿ ಅದು. ಆ ಕರವಸ್ತ್ರ ಕೊಟ್ಟ ಕೈಯೇ ಇವಳ ಪಿನ್ನು ಬಿಚ್ಚುತ್ತಿದೆ. ಭಾವ ಬರಿ ಅಂದಾಗ "ದುಃಖ" ಅಂತ ಒಂದು ಪದ ಬರೆದು ಮುಗಿಸಬೇಡ. ಈ ಪಿನ್ನು, ಈ ಗಾಳಿ, ಈ ಅರ್ಧಕ್ಕೆ ನಿಂತ ಹಾಡು, ಇವುಗಳನ್ನು ಬರಿ.

ಕೊನೆಯ ಅಂಕದಲ್ಲಿ ಒಥೆಲೋ ಡೆಸ್ಡೆಮೋನಾಳನ್ನು ಕೊಂದ ಮೇಲೆ, ಅದೇ ಎಮಿಲಿಯಾ ಗಂಡ ಬಾಯಿಮುಚ್ಚು ಅಂದರೂ ಬಿಡದೆ ಸತ್ಯ ಹೇಳಿ, ಅವನ ಕೈಯಲ್ಲೇ ಸಾಯುತ್ತಾಳೆ. ಅವಳ ಗುಣ ಬರೆಯಬೇಕಾದರೆ ಆ ಸುಳ್ಳು, ಈ ಧೈರ್ಯ ಎರಡೂ ಒಟ್ಟಿಗೇ ಬರಬೇಕು.

ರೂಮ್‌ಮೇಟ್ ಜೊತೆ ಆ ರಾತ್ರಿಯ ದೃಶ್ಯ ಜೋರಾಗಿ ಓದು. ನೀನು ಎಮಿಲಿಯಾ ಆಗು. ಉತ್ತರ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸು. ಇಷ್ಟೆಲ್ಲ ಮಾಡಿದ ಇಯಾಗೋ ಕೊನೆಗೆ ಯಾಕೆ ಮಾಡಿದೆ ಅಂತ ಕೇಳಿದರೆ ಒಂದು ಮಾತೂ ಆಡಲ್ಲ ಅನ್ನುತ್ತಾನಲ್ಲ, ಅದರ ಬಗ್ಗೆ ನಿನಗೆ ಏನನ್ನಿಸಿತು ಅಂತಲೂ ಬರಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ