ನಾಯಿಯ ಮೂತ್ರ ಪರೀಕ್ಷೆಗೆ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ನಾಯಿಗೆ ಕುಶಿಂಗ್ಸ್, ಅಂದರೆ ಮೈಯಲ್ಲಿ ಕಾರ್ಟಿಸೋಲ್ ಅತಿಯಾಗುವ ಕಾಯಿಲೆ, ಇದೆಯೇನೋ ಅಂತ ಅನುಮಾನ ಬಂದಾಗ ಮೂತ್ರದಲ್ಲಿ ಕಾರ್ಟಿಸೋಲ್ ಮತ್ತು ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಅನುಪಾತ ನೋಡುತ್ತಾರೆ. ಕಾರ್ಟಿಸೋಲ್ ಅಂದರೆ ಹೆದರಿದಾಗಲೂ ಏರುವ ಹಾರ್ಮೋನ್. ಕ್ಲಿನಿಕ್ಕಿನ ಬಾಗಿಲಲ್ಲೇ ಬಾಲ ಮುದುರಿಕೊಂಡು, ತೂಕದ ಯಂತ್ರದ ಮೇಲೆ ನಡುಗುತ್ತಾ, ಸ್ಟೀಲ್ ಮೇಜಿನ ಮೇಲೆ ಒದ್ದೆ ಪಾದದ ಗುರುತು ಬಿಡುವ ನಾಯಿಯನ್ನು ನೀವೂ ನೋಡಿರುತ್ತೀರಿ. ಆ ಭಯವೆಲ್ಲ ಮುಂದಿನ ಕೆಲವು ಗಂಟೆಗಳಲ್ಲಿ ಮೂತ್ರಕೋಶದಲ್ಲಿ ಸೇರಿಕೊಳ್ಳುತ್ತದೆ. ಕಾಯಿಲೆಯೇ ಇಲ್ಲದಿದ್ದರೂ ಅಂಕಿ ಜಾಸ್ತಿ ಬರಬಹುದು.

ಅದಕ್ಕೇ ಈ ಪರೀಕ್ಷೆಗೆ ಮೂತ್ರವನ್ನು ಮನೆಯಲ್ಲೇ ಹಿಡಿಯಿರಿ, ಡಾಕ್ಟರ ಬಳಿ ಹೋಗಿ ಬಂದು ಕನಿಷ್ಠ 2 ದಿನ ಕಳೆದ ಮೇಲೆ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಉದ್ದ ಹಿಡಿಯ ಸೌಟು, ತೊಳೆದು ಚೆನ್ನಾಗಿ ಒಣಗಿಸಿದ್ದು, ಹಿಂದಿನಿಂದ ಮೆಲ್ಲಗೆ ಚಾಚಿದರೆ ಸಾಕು, ನಾಯಿಯ ಮೇಲೆ ಬಾಗಿ ಗಾಬರಿ ಮಾಡಬೇಡಿ. ಕೂಡಲೇ ಕೊಡಲು ಆಗದಿದ್ದರೆ ಫ್ರಿಜ್‌ನಲ್ಲಿಡಿ. ಮೂತ್ರದ ಪ್ರೋಟೀನ್ ಪರೀಕ್ಷೆಯಲ್ಲೂ ಕ್ಲಿನಿಕ್ಕಿನಲ್ಲಿ ಹಿಡಿದದ್ದರಲ್ಲಿ ಅಂಕಿ ಹೆಚ್ಚಿರುವುದುಂಟು.

ಆದರೆ ಎಲ್ಲದಕ್ಕೂ ಮನೆಯದೇ ಬೇಕು ಅಂತ ಹಠ ಮಾಡಬೇಡಿ. ಸೋಂಕಿನ ಕಲ್ಚರ್‌ಗೆ, ಅಂದರೆ ಮೂತ್ರದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಡಾಕ್ಟರು ಮೂತ್ರಕೋಶದಿಂದ ಸೂಜಿಯಲ್ಲಿ ತೆಗೆದದ್ದೇ ಸರಿ.

ಒಂದೇ ರಿಪೋರ್ಟ್ ನೋಡಿ ಸುಮ್ನೆ ಕಂಗಾಲಾಗಬೇಡಿ. ಅನುಪಾತ ಸಹಜವಾಗಿದ್ದರೆ ಕುಶಿಂಗ್ಸ್ ಇರುವ ಸಾಧ್ಯತೆ ಕಡಿಮೆ. ಆದರೆ ಜಾಸ್ತಿ ಬಂದರೆ ಅದೊಂದರಿಂದಲೇ ಕಾಯಿಲೆ ಅಂತ ಹೇಳಲು ಆಗುವುದಿಲ್ಲ, ಬೇರೆ ಪರೀಕ್ಷೆ ಬೇಕು. ಸ್ಯಾಂಪಲ್ ಕೊಡುವಾಗ ಹಿಂದಿನ ಭೇಟಿ ಯಾವಾಗ ಆಗಿತ್ತು, ಆ ದಿನಗಳಲ್ಲಿ ಮನೆಯಲ್ಲಿ ಪಟಾಕಿ, ಪ್ರಯಾಣ, ಜಗಳ ಏನಾದರೂ ಇತ್ತಾ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.